ಹಸಿರು ಚೌಕದೊಳಗಿನ ಮಾವ

ನೀರು ಸರಬರಾಜು ಕಚೇರಿಯ ಆವಕ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ಕೂತವನಿಗೆ ಎರಡು ಅಭ್ಯಾಸಗಳು ಬಿಡಲಾರದಂತೆ ಅಂಟಿಕೊಳ್ಳುತ್ತವೆ. ಒಂದು, ಮೇಜಿನ ಮೇಲೆ ಬಂದು ಬಿದ್ದದ್ದನ್ನು ಏನು ಎತ್ತ ಎಂದು ಕೇಳದೆ ನೋಂದಾಯಿಸಿಕೊಳ್ಳುವುದು. ಇನ್ನೊಂದು, ಬಾರದೇ ಇದ್ದದ್ದನ್ನು ಯಾರು ಎಷ್ಟೇ ಗೋಗರೆದರೂ ಬಂದಿದೆ ಎಂದು ಬರೆಯದಿರುವುದು. ನಮ್ಮ ಕಥಾನಾಯಕನಲ್ಲಿ ಇವೆರಡೂ ಎಷ್ಟು ಬಲಿತಿದ್ದವೆಂದರೆ ಜನ ಅವನ ಹೆಸರನ್ನೇ ಮರೆತು ಆವಕಣ್ಣ ಎಂದು ಕರೆಯುತ್ತಿದ್ದರು. ದೂರಿನ ಪತ್ರ, ತಪ್ಪು ವಿಳಾಸಕ್ಕೆ ಬಂದ ಪ್ರೇಮಪತ್ರ, ಒಮ್ಮೆ ಯಾರೋ ಬಿಟ್ಟುಹೋದ ಛತ್ರಿ, ಎಲ್ಲಕ್ಕೂ ಅವನ ಪುಸ್ತಕದಲ್ಲಿ ಕ್ರಮಸಂಖ್ಯೆ, ದಿನಾಂಕ, ಷರಾ ಉಂಟು.

ಇಂಥವನಿಗೆ ಕ್ಯಾಮೆರಾ ಹುಚ್ಚು ಹೇಗೆ ಹತ್ತಿತು ಎಂದರೆ, ಅದು ತಾನಾಗಿ ಹತ್ತಿದ ಹುಚ್ಚಲ್ಲ. ಮಾಡಿದ ಒಂದು ತಪ್ಪು ಹತ್ತಿಸಿದ್ದು.

ಅವನ ಮಾವ, ಅಂದರೆ ಹೆಂಡತಿಯ ತಂದೆ, ಅದೇ ಕಚೇರಿಯಲ್ಲಿ ಮುಖ್ಯ ಗುಮಾಸ್ತರಾಗಿದ್ದರು. ಎಂಟು ವರ್ಷದ ಹಿಂದೆ ಅವರು ನಿವೃತ್ತರಾದಾಗ ಬೀಳ್ಕೊಡುಗೆಯ ಫೋಟೋ ತೆಗೆಯುವ ಕೆಲಸ ಅಳಿಯನ ಕೊರಳಿಗೆ ಬಿತ್ತು, ಅವನ ಹತ್ತಿರ ಒಂದು ಕ್ಯಾಮೆರಾ ಇತ್ತು ಎಂಬ ಒಂದೇ ಕಾರಣಕ್ಕೆ. ವೇದಿಕೆಯ ಮೇಲೆ ಮಾವ, ಪಕ್ಕದಲ್ಲಿ ಅತ್ತೆ, ಹಿಂದಿನ ಗೋಡೆಯಲ್ಲಿ ಒಂದು ದೊಡ್ಡ ಗಡಿಯಾರ. ಆವಕಣ್ಣ ಗುಂಡಿ ಒತ್ತಿದ, ಕ್ಯಾಮೆರಾ ಕಟಕ್ ಎಂದಿತು. ರೀಲು ತೊಳೆಸಿ ನೋಡುವ ಕಾಲ ಆಗಲೇ ಹೋಗಿತ್ತು. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿ ನೋಡಿದರೆ ಪ್ರತಿಯೊಂದು ಚಿತ್ರದಲ್ಲೂ ಕ್ಯಾಮೆರಾ ಮನುಷ್ಯರನ್ನು ಬಿಟ್ಟು ಗಡಿಯಾರವನ್ನು ಹಿಡಿದಿತ್ತು. ನಾಲ್ಕು ಗಂಟೆ ಹನ್ನೆರಡು ನಿಮಿಷ. ಸೆಕೆಂಡಿನ ಮುಳ್ಳು ಕೂಡ ಎಣಿಸುವಷ್ಟು ಸ್ಪಷ್ಟ. ಅದರ ಮುಂದೆ, ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ, ಎರಡು ಮಸುಕು.

ಅತ್ತೆ ನಕ್ಕಿದ್ದರು. "ನಾನೇನೋ ಚೆನ್ನಾಗೇ ಬಂದಿದೀನಿ. ಸುಕ್ಕು ಒಂದೂ ಕಾಣ್ತಿಲ್ಲ" ಎಂದಿದ್ದರು. ಮರುವರ್ಷ ಅವರು ತೀರಿಕೊಂಡರು. ಮಾವ ಮಗಳ ಮನೆಗೆ ಬಂದರು. ಬರುವಾಗ ಒಂದು ಮಂಚ, ಒಂದು ರೇಡಿಯೋ ಮತ್ತು ಕಟ್ಟು ಹಾಕಿಸಿದ ಆ ಫೋಟೋ ತಂದರು. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ನಿಂತ ಕೊನೆಯ ಚಿತ್ರ ಅದೊಂದೇ. ಅದನ್ನು ನಡುಮನೆಯಲ್ಲಿ, ಅಳಿಯ ಊಟಕ್ಕೆ ಕೂರುವ ಕುರ್ಚಿಗೆ ನೇರ ಎದುರು ತೂಗುಹಾಕಿದರು. ಬಂದವರು "ಇದ್ಯಾರದು ಫೋಟೋ?" ಎಂದು ಕೇಳಿದರೆ ಮಾವ ತಣ್ಣಗೆ "ಗಡಿಯಾರದ್ದು" ಎನ್ನುತ್ತಿದ್ದರು. ಅಳಿಯನಿಗೆ ಒಂದು ದಿನಕ್ಕೂ ಒಂದು ಮಾತು ಅಂದವರಲ್ಲ. ಅಂದಿದ್ದರೆ ಅವನಿಗೆ ಅನ್ನ ಇಳಿಯುತ್ತಿತ್ತು.

ಹೀಗಾಗಿ ಆವಕಣ್ಣ ತನ್ನ ಜೀವನದಲ್ಲಿ ಇನ್ನೊಂದು ಮುಖ ಮಸುಕಾಗಬಾರದು ಎಂದು ತೀರ್ಮಾನಿಸಿ, ತಾನಾಗಿ ಫೋಕಸ್ ಹಿಡಿಯುವುದರಲ್ಲಿ ಜಗತ್ತಿನ ಯಾವ ಕ್ಯಾಮೆರಾ ಮೇಲು ಎಂಬ ಶೋಧನೆಗೆ ಇಳಿದ. ಶೋಧನೆಗೆ ಎರಡು ವರ್ಷ ತುಂಬಿತ್ತು. ಕಚೇರಿಯ ಹಳೆಯ ಪುಸ್ತಕವೊಂದರಲ್ಲಿ ಗೆರೆ ಎಳೆದು ವೇಗ, ಕಣ್ಣು, ಕತ್ತಲೆ, ಬ್ಯಾಟರಿ, ತೂಕ, ಷರಾ ಎಂದು ಅಂಕಣ ಮಾಡಿಕೊಂಡಿದ್ದ. ಒಳಗೆ ಕನ್ನಡಿಯಿಲ್ಲದ, ಮಿರರ್‌ಲೆಸ್ ಎಂಬ ಹೊಸ ಬಗೆಯ ಕ್ಯಾಮೆರಾಗಳಲ್ಲಿ ಎರಡು ಕೊನೆಯ ಸುತ್ತಿಗೆ ಬಂದಿದ್ದವು. ಮೊದಲನೆಯದು ಕಣ್ಣನ್ನು ಹಿಡಿದರೆ ಬಿಡುತ್ತಿರಲಿಲ್ಲ, ಆದರೆ ಅದರ ಬ್ಯಾಟರಿ ಮಧ್ಯಾಹ್ನಕ್ಕೇ ಕೈಯೆತ್ತುತ್ತಿತ್ತು. ಎರಡನೆಯದರ ಬ್ಯಾಟರಿ ಸಂಜೆಯವರೆಗೆ ಬಾಳುತ್ತಿತ್ತು, ಆದರೆ ನಡೆದು ಬರುವವರ ಕಣ್ಣು ಬಿಟ್ಟು ಕಿವಿ ಹಿಡಿಯುತ್ತಿತ್ತು. ಅವನ ಹಳೆಯ ಲೆನ್ಸುಗಳು ಎರಡಕ್ಕೂ ಕೂರುತ್ತಿರಲಿಲ್ಲ. ನಡುವೆ ಅಡಾಪ್ಟರ್ ಹಾಕಿದರೆ ಕೂರುತ್ತಿದ್ದವು, ಆದರೆ ಆಗ ಫೋಕಸ್ ನಿಧಾನ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಅಳೆದೂ ಸುರಿದೂ ಷರಾ ಅಂಕಣದಲ್ಲಿ ಅವನು ಎರಡು ವರ್ಷದಿಂದ ಬರೆಯುತ್ತಿದ್ದದ್ದು ಒಂದೇ ಮಾತು: ಪರಿಶೀಲನೆಯಲ್ಲಿದೆ.

"ರೀ, ನೀವು ಎರಡರಲ್ಲಿ ಯಾವ್ದು ಅಂತ ತೀರ್ಮಾನ ಮಾಡೋ ಹೊತ್ತಿಗೆ ಮೂರನೇದು ಬಂದಿರುತ್ತೆ" ಎಂದು ಹೆಂಡತಿ ಹೇಳುತ್ತಿದ್ದಳು. ಮೊದಲ ವರ್ಷ ಸಿಟ್ಟಿನಿಂದ ಹೇಳುತ್ತಿದ್ದಳು, ಎರಡನೇ ವರ್ಷ ಬಟ್ಟೆ ಮಡಚುತ್ತಾ ಹೇಳುತ್ತಿದ್ದಳು.

ಅವಳಿಗಿಂತ ಸುಸ್ತಾಗಿದ್ದವನು ಕ್ಯಾಮೆರಾ ಅಂಗಡಿಯವನು. ಪ್ರತಿ ಶನಿವಾರ ಆವಕಣ್ಣ ಬಂದು ಎರಡನ್ನೂ ಎತ್ತಿ, ಗಲ್ಲಾದ ಮೇಲಿನ ಪ್ಲಾಸ್ಟಿಕ್ ಗೊಂಬೆಯ ಕಣ್ಣಿಗೆ ಹಿಡಿದು, ನಿಟ್ಟುಸಿರು ಬಿಟ್ಟು, ಕೆಳಗಿಟ್ಟು ಹೋಗುತ್ತಿದ್ದ. ಅಷ್ಟರಲ್ಲಿ ಕಚೇರಿಯ ಮುಖ್ಯಸ್ಥರಾದ ಸಾಹೇಬರು ನಿವೃತ್ತರಾಗುವ ಕಾಲ ಬಂತು, ಫೋಟೋ ಕೆಲಸ ಮತ್ತೆ ಆವಕಣ್ಣನ ಕೊರಳಿಗೇ ಬಿತ್ತು. ಅವರ ಬೀಳ್ಕೊಡುಗೆ ಹತ್ತಿರ ಬಂದ ಸೋಮವಾರ, ಶನಿವಾರವೂ ಅಲ್ಲದ ದಿನ ಅವನು ಬಾಗಿಲಲ್ಲಿ ಕಂಡಾಗ, ಅಂಗಡಿಯವನು ಮೊದಲನೇ ಕ್ಯಾಮೆರಾವನ್ನು ಅದರ ಲೆನ್ಸಿನ ಸಮೇತ ಚೀಲಕ್ಕೆ ಹಾಕಿ ಅವನ ಕೈಗಿಟ್ಟ.

"ಇದು ಪ್ರದರ್ಶನಕ್ಕೆ ಇಟ್ಟಿದ್ದು. ಒಂದು ವಾರ ಮನೇಲಿಟ್ಕೊಂಡು ನೋಡಿ. ಹಸಿರು ಚೌಕ ಬಂತು ಅಂದ್ರೆ ಕಣ್ಣು ಸಿಕ್ತು ಅಂತ. ಯಾರ ಕಣ್ಣು ಅಂತ ನೋಡ್ಕೊಳ್ಳೋದು ನಿಮ್ಮ ಜವಾಬ್ದಾರಿ."

"ಆಮೇಲೆ ತಗೊಳ್ಳದಿದ್ರೆ?"

"ತಗೊಳ್ಳದಿದ್ರೂ ಸರಿ. ಬರೋದು ನಿಲ್ಲಿಸಿದ್ರೆ ಸಾಕು ಸಾರ್."

ಹೊಸದಕ್ಕೂ ಹಳೆಯದಕ್ಕೂ ಹೋಲಿಕೆ ಮಾಡಬೇಕಾದರೆ ಒಂದು ಮುಖ ಬೇಕು. ಹೆಂಡತಿ ಒಲ್ಲೆ ಎಂದಳು. ಮನೆಯಲ್ಲಿ ಸದಾ ಲಭ್ಯವಿದ್ದ ಮುಖ ಮಾವನದ್ದೇ. ಆವಕಣ್ಣ ಅವರನ್ನು ಅಡುಗೆಮನೆ ಬಾಗಿಲಿನಿಂದ ಗೇಟಿನವರೆಗೆ ಇಪ್ಪತ್ತೆರಡು ಸಲ ನಡೆಸಿದ. ಹನ್ನೊಂದು ಸಲ ಹಳೆಯದಕ್ಕೆ, ಹನ್ನೊಂದು ಸಲ ಹೊಸದಕ್ಕೆ. ಮಾವ ಹೇಳಿದಷ್ಟೂ ನಡೆದರು. ಹದಿನೈದನೇ ಸಲಕ್ಕೆ ಎದುರುಮನೆಯಾಕೆ ಕಾಂಪೌಂಡಿನ ಮೇಲೆ ಕತ್ತು ಚಾಚಿದಳು.

"ಏನಂತೆ, ಡಾಕ್ಟರು ನಡೀರಿ ಅಂದಿದಾರಾ?"

"ಇಲ್ಲಮ್ಮ. ಫೋಟೋ ತೆಗೀತಿದಾರೆ, ಅಳಿಯಂದ್ರು" ಎಂದರು ಮಾವ.

ಈ ವಯಸ್ಸಿನವರ ಫೋಟೋವನ್ನು ಇಷ್ಟು ಆಸ್ಥೆಯಿಂದ ಯಾಕೆ ತೆಗೆಯುತ್ತಾರೆ ಎಂಬುದು ಎದುರುಮನೆಯಾಕೆಗೆ ಚೆನ್ನಾಗಿ ಗೊತ್ತಿತ್ತು. ಸಂಜೆಯೊಳಗೆ ಬೀದಿಯ ನಾಲ್ಕು ಮನೆಯವರು ಹಣ್ಣು ಹಿಡಿದುಕೊಂಡು ಮಾವನನ್ನು ನೋಡಿಹೋದರು. ಒಬ್ಬರು ಹೊರಡುವಾಗ ಕಣ್ಣೊರೆಸಿಕೊಂಡರು. ಮಾವ ಸೇಬು ಕೊಯ್ದು ತಿನ್ನುತ್ತಾ "ಬೀದಿಯವರು ಒಳ್ಳೇವರು" ಎಂದರು.

ಅದಾದ ಮೇಲೆ ಮಾವನನ್ನು ಕುರ್ಚಿಯಲ್ಲಿ ಕೂರಿಸಿ ಆವಕಣ್ಣ ಕ್ಯಾಮೆರಾದೊಳಗಿನ ಪಟ್ಟಿಗಳನ್ನು ಒಂದೊಂದಾಗಿ ತೆರೆಯುತ್ತಾ ಹೋದ. ಎಷ್ಟೋ ಪುಟ ಅವನಿಗೆ ತಲೆಬುಡ ತಿಳಿಯಲಿಲ್ಲ. ಹತ್ತೊಂಬತ್ತನೇ ಪುಟದಲ್ಲಿ ಮಾತ್ರ ಪರಿಚಯದ ಮಾತೊಂದು ಕಂಡಿತು: ಮುಖ ನೋಂದಣಿ. ಕೆಳಗೆ, ನೋಂದಾಯಿಸಲೇ ಎಂಬ ಪ್ರಶ್ನೆ. ಹತ್ತೊಂಬತ್ತು ವರ್ಷದಲ್ಲಿ ಈ ಪ್ರಶ್ನೆಗೆ ಇಲ್ಲ ಎಂದವನಲ್ಲ ಅವನು. ಬೆರಳು ತಾನಾಗಿ ಹೌದು ಒತ್ತಿತು. ಮಾವನ ಮುಖಕ್ಕೆ ಕ್ರಮಸಂಖ್ಯೆ ಒಂದು ಬಿತ್ತು. ನೋಂದಾಯಿಸಿದ ಮುಖ ಎಲ್ಲಿ ಕಂಡರೂ ಫೋಕಸ್ಸಿನಲ್ಲಿ ಅದಕ್ಕೇ ಮೊದಲ ಮರ್ಯಾದೆ ಎಂಬ ಸೂಚನೆ ಮುಂದಿನ ಪುಟದಲ್ಲಿತ್ತು. ನೋಂದಣಿ ಆದ ಮೇಲೆ ಕಾಗದ ಎಲ್ಲಿಗೆ ಹೋಗುತ್ತದೆ ಎಂದು ಆವಕ ವಿಭಾಗದವರು ಕೇಳುವ ಪದ್ಧತಿಯಿಲ್ಲ. ಅವನು ಪುಟ ತಿರುಗಿಸಲಿಲ್ಲ.

ಶುಕ್ರವಾರ ಸಾಹೇಬರ ಬೀಳ್ಕೊಡುಗೆ. ಕೆಲಸದಿಂದ ಬಿಡುಗಡೆ ತಿಂಗಳ ಕೊನೆಗೆ, ಸಮಾರಂಭ ಮಾತ್ರ ಮೊದಲೇ. ಹಾಲ್ ಸಿಕ್ಕಿದ್ದು ಆ ದಿನ. ನಿವೃತ್ತರಾದ ಏಳು ಹಿರಿಯರಿಗೂ ಕರೆ ಹೋಗಿತ್ತು. ಕೆಳಗೆ ಕುರ್ಚಿ ಸಾಲದೆ ಅವರನ್ನು ವೇದಿಕೆಯ ಮೇಲೆಯೇ, ಸಾಹೇಬರ ಹಿಂದಿನ ಸಾಲಿನಲ್ಲಿ ಕೂರಿಸಿದರು. ಮಾವನ ಕುರ್ಚಿ ಸರಿಯಾಗಿ ಸಾಹೇಬರ ಎಡಭುಜದ ಹಿಂದೆ ಬಂತು.

ಹಾಲಿನಲ್ಲಿ ಬೆಳಕು ಮಂದ. ಆವಕಣ್ಣ ಲೆನ್ಸನ್ನು ಪೂರ್ತಿ ತೆರೆದ. ಹಾಗೆ ತೆರೆದಾಗ ಒಂದು ಮುಖ ಸ್ಪಷ್ಟವಾದರೆ ಅದರ ಹಿಂದುಮುಂದಿನದೆಲ್ಲ ಕರಗಿಹೋಗುತ್ತದೆ, ಚಿತ್ರಕ್ಕೆ ಅದೇ ಚೆಂದ ಎಂದು ಓದಿದ್ದ. ಬ್ಯಾಟರಿ ಉಳಿಯಲೆಂದು ಹಿಂದಿನ ಪರದೆಯನ್ನು ಆರಿಸಿಟ್ಟ. ತೆಗೆದದ್ದನ್ನು ಅಲ್ಲೇ ನೋಡುವ ಸುಖ ಬಿಟ್ಟರೆ ನೂರು ಚಿತ್ರ ಹೆಚ್ಚು ಸಿಗುತ್ತದೆ. ಇದನ್ನು ಅವನು ತುಂಬ ಲಾಭದ ವಿನಿಮಯ ಎಂದುಕೊಂಡ. ಕನ್ನಡಕ ಕ್ಯಾಮೆರಾಕ್ಕೆ ತಾಗುತ್ತದೆಂದು ಅದನ್ನೂ ಜೇಬಿಗಿಳಿಸಿದ. ಇನ್ನು ಕ್ಯಾಮೆರಾದ ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ ಕಾಣುತ್ತಿದ್ದದ್ದು ವೇದಿಕೆಯ ಮೇಲೊಂದು ಬಣ್ಣದ ಗುಂಪು, ಅದರಲ್ಲಿ ಸಾಹೇಬರ ಆಸುಪಾಸಿನಲ್ಲಿ ಅಲ್ಲಾಡದೆ ನಿಂತ ಒಂದು ಹಸಿರು ಚೌಕ. ಸರ್ಕಾರಿ ಕೆಲಸದಲ್ಲಿ ಆಸುಪಾಸು ಎಂದರೆ ಸಾಕಾಗುತ್ತದೆ.

ಹೊಸ ಕ್ಯಾಮೆರಾ ಕಟಕ್ ಎನ್ನುವುದಿಲ್ಲ. ಸಾಹೇಬರು ಹೂಗುಚ್ಛ ಎದೆಗವಚಿಕೊಂಡು ನಗು ಹಿಡಿದು ನಿಂತರು. ನಗು ನಡುಗಲು ಶುರುವಾಯಿತು.

"ತೆಗೆದಾಯ್ತೇನ್ರೀ?"

"ಹದಿನಾಲ್ಕು ತೆಗೆದೆ ಸಾರ್. ಎಲ್ಲದರಲ್ಲೂ ಕಣ್ಣು ಸಿಕ್ಕಿದೆ."

ಭಾಷಣಗಳು ಆದವು. ಆರು ಜನ ಮಾತಾಡಿದರು, ಆರೂ ಜನ ಒಂದೇ ಮಾತಾಡಿದರು: ನಲ್ಲಿಯ ಮುಂದೆ ಕೊಡ ಹಿಡಿದು ಹೊಡೆದಾಡುತ್ತಿದ್ದ ಊರಿಗೆ, ಮೇಲಿನ ಬೀದಿಗಳಿಗೆ ಬೆಳಿಗ್ಗೆ ಕೆಳಗಿನ ಬೀದಿಗಳಿಗೆ ಸಂಜೆ ಎಂಬ ಎರಡು ಹೊತ್ತಿನ ವೇಳಾಪಟ್ಟಿ ತಂದು ನೆಮ್ಮದಿ ಕೊಟ್ಟವರು ಸಾಹೇಬರು. ಪ್ರತಿ ಸಲ ಚಪ್ಪಾಳೆ ಬಿತ್ತು. ಹಳೆಯ ನೌಕರರು ಸ್ವಲ್ಪ ತಡವಾಗಿ ತಟ್ಟಿದರು.

ಸೋಮವಾರ ಆವಕಣ್ಣ ಮುನ್ನೂರ ಹದಿನೆಂಟು ಚಿತ್ರಗಳನ್ನು ಕಚೇರಿಯ ಕಂಪ್ಯೂಟರಿಗೆ ಹಾಕಿ, ಕನ್ನಡಕ ಹಾಕಿಕೊಂಡ. ಒಂದೊಂದೇ ಚಿತ್ರ ದಾಟಿಸಿ ನೋಡಿ, ಕ್ಯಾಮೆರಾ ಎತ್ತಿಕೊಂಡು, ಅಂದು ತಿರುಗಿಸದೆ ಬಿಟ್ಟಿದ್ದ ಇಪ್ಪತ್ತನೇ ಪುಟವನ್ನು ತಿರುಗಿಸಿದ. ಹಿಂದೆ ನಿಂತಿದ್ದ ಟೈಪಿಸ್ಟ್ ಬಗ್ಗಿ ನೋಡಿದಳು.

"ಅಯ್ಯೋ, ನಿಮ್ಮ ಮಾವ ಎಷ್ಟು ಚೆನ್ನಾಗಿ ಬಂದಿದಾರೆ. ರೆಪ್ಪೆಗೂದಲು ಕೂಡ ಎಣಿಸಬಹುದು. ಸಾಹೇಬರೆಲ್ಲಿ?"

"ಮುಂದೆ ಇದಾರಲ್ಲಮ್ಮ."

"ಇದು ಸಾಹೇಬರಾ? ಪರದೆ ಅಂದ್ಕೊಂಡೆ ನಾನು."

ಮುನ್ನೂರ ಹದಿನೆಂಟರಲ್ಲೂ ಮಾವ. ಹೂಗುಚ್ಛ ಎಂಬ ಬಣ್ಣದ ಕಲೆಯ ಹಿಂದೆ ಮಾವ, ಸಾಹೇಬರ ಕಿವಿಯೆಂಬ ಮೋಡದ ಪಕ್ಕ ಮಾವ. ಅದೂ ಎಂಥ ಮುಖ. ಹುಬ್ಬು ಗಂಟಿಕ್ಕಿದೆ, ದವಡೆ ಬಿಗಿದಿದೆ, ನೋಟ ನೇರ ಸಾಹೇಬರ ಬೆನ್ನಿನಲ್ಲಿ ನೆಟ್ಟಿದೆ. ವೇಳಾಪಟ್ಟಿಯ ಮಾತು ಬಂದಾಗಲಂತೂ ಒಂದು ಹುಬ್ಬು ನಿಧಾನವಾಗಿ ಮೇಲೇರಿದೆ.

ಸುದ್ದಿ ಹರಡಲು ಕಚೇರಿಗೆ ನಲ್ಲಿ ತಿರುಗಿಸಬೇಕಾಗಿಲ್ಲ. ಅರ್ಧ ಗಂಟೆಯಲ್ಲಿ ನೌಕರರ ಸಂಘದ ಕಾರ್ಯದರ್ಶಿ ಬಂದು, ಬಾಗಿಲು ಹಾಕಿ, ಆವಕಣ್ಣನ ಎರಡೂ ಕೈ ಹಿಡಿದುಕೊಂಡರು.

"ಭಲೇ ಆವಕಣ್ಣ. ಹನ್ನೊಂದು ವರ್ಷ ಬಾಯಿ ಮುಚ್ಕೊಂಡಿದ್ದು ಇದಕ್ಕೇ ಅಂತ ನಮಗೆ ತಿಳೀಲಿಲ್ಲ."

"ಯಾವುದಕ್ಕೆ?"

"ಆ ವೇಳಾಪಟ್ಟಿ ನಿಮ್ಮ ಮಾವಂದು ಅಂತ ಹಳಬರಿಗೆಲ್ಲ ಗೊತ್ತು. ಯಾವ ಬೀದಿಯಿಂದ ಯಾವ ಹೊತ್ತಿನಲ್ಲಿ ದೂರು ಬರುತ್ತೆ ಅಂತ ಕಾಗದ ಲೆಕ್ಕ ಹಾಕಿ ಮಾಡಿದ್ದು ಅವರು. ಮೇಲೆ ಸಹಿ ಹಾಕ್ಕೊಂಡಿದ್ದು ಈ ಸಾಹೇಬರು. ಬಾಯಲ್ಲಿ ಹೇಳೋಕಾಗದ್ದನ್ನ ಮುನ್ನೂರ ಹದಿನೆಂಟು ಸಲ ಕ್ಯಾಮೆರಾದಲ್ಲಿ ಹೇಳಿದ್ರಲ್ಲ, ಅದಕ್ಕೆ ಎದೆಗಾರಿಕೆ ಬೇಕು."

ಆವಕಣ್ಣನಿಗೆ ವೇಳಾಪಟ್ಟಿಯ ಕಥೆ ಗೊತ್ತಾದದ್ದೇ ಆಗ. ಕಚೇರಿಯಲ್ಲಿ ತನ್ನ ಮೇಜು ದಾಟಿದ ಕಾಗದದ ಬಗ್ಗೆ ಅವನು ಕೇಳಿದವನಲ್ಲ, ಮಾವ ಮನೆಯಲ್ಲಿ ಒಂದಕ್ಷರ ಆಡಿರಲಿಲ್ಲ. "ಇಲ್ಲ, ಇದು ಕ್ಯಾಮೆರಾ ಮಾಡಿದ್ದು" ಎಂದ. "ನಾನು ಮಾವನ ಮುಖ ನೋಂದಾಯಿಸಿದ್ದೆ ಅಷ್ಟೆ."

"ನೀವೇ ನೋಂದಾಯಿಸಿದ್ರಾ?"

"ಹೌದು. ಒಂದನೇ ನಂಬರು ಕೊಟ್ಟಿದ್ದೆ."

"ಸಾಹೇಬರಿಗೆ?"

"ಅವರಿಗೆ ಕೊಟ್ಟಿರಲಿಲ್ಲ."

ಕಾರ್ಯದರ್ಶಿ ಅವನ ಭುಜ ತಟ್ಟಿ ಹೋದರು. ಸತ್ಯ ಹೇಳಿದಷ್ಟೂ ಮನುಷ್ಯ ಮುಳುಗುವ ಸಂದರ್ಭಗಳು ಇರುತ್ತವೆ. ಆ ದಿನ ಆವಕಣ್ಣ ಒಟ್ಟು ಹನ್ನೊಂದು ಜನರಿಗೆ ಸತ್ಯ ಹೇಳಿದ.

ಮಂಗಳವಾರ ಬೆಳಿಗ್ಗೆ ಸಾಹೇಬರ ಕೋಣೆಯಿಂದ ಒಂದು ಕಾಗದ ಬಂತು. ವಿಷಯ: ಬೀಳ್ಕೊಡುಗೆ ಸಮಾರಂಭದ ಛಾಯಾಚಿತ್ರಗಳಲ್ಲಿ ಸಮಾರಂಭಕ್ಕೆ ಕಾರಣರಾದ ವ್ಯಕ್ತಿ ಕಾಣಿಸದಿರುವ ಬಗ್ಗೆ. ಕೂಡಲೇ ಲಿಖಿತ ವಿವರಣೆ ನೀಡತಕ್ಕದ್ದು. ಕಾಗದ ಬರಬೇಕಾದದ್ದು ಆವಕಣ್ಣನಿಗೆ, ಕಚೇರಿಯ ಯಾವ ಕಾಗದವಾದರೂ ಬರಬೇಕಾದದ್ದು ಆವಕಣ್ಣನ ಮೂಲಕ. ಅವನು ಅದಕ್ಕೆ ಕ್ರಮಸಂಖ್ಯೆ ಹಾಕಿ, ಮೊಹರು ಒತ್ತಿ, ಸಂಬಂಧಪಟ್ಟವರಿಗೆ ಎಂದು ಬರೆದು, ಮೇಜಿನ ಎಡಗಡೆಯಿಂದ ಬಲಗಡೆಗೆ ಸರಿಸಿ, ಸ್ವೀಕರಿಸಿದೆ ಎಂದು ತಾನೇ ಸಹಿ ಮಾಡಿದ. ಪದ್ಧತಿ ತಪ್ಪಲಿಲ್ಲ.

ವಿವರಣೆ ನಾಲ್ಕು ಪುಟವಾಯಿತು. ಎರಡೂ ಕ್ಯಾಮೆರಾಗಳ ಹೋಲಿಕೆಯ ಪಟ್ಟಿ, ಬ್ಯಾಟರಿಗಾಗಿ ಪರದೆ ಆರಿಸಿದ ಕಾರಣ, ಲೆನ್ಸು ತೆರೆದಿಟ್ಟ ಕಾರಣ. ಕೊನೆಗೆ, ತಿಳಿಯಾಗಿರಲಿ ಎಂದು, ಹೀಗೆ ಮುಗಿಸಿದ: 'ಕ್ಯಾಮೆರಾಕ್ಕೆ ಹುದ್ದೆ ತಿಳಿಯುವುದಿಲ್ಲ. ಅದರಲ್ಲಿ ಮೊದಲು ಯಾರ ದಾಖಲೆ ಇದೆಯೋ ಅವರನ್ನೇ ಅದು ಗುರುತಿಸುತ್ತದೆ. ಅವರ ಮುಂದೆ ನಂತರ ಬಂದು ನಿಂತವರು ಎಷ್ಟೇ ದೊಡ್ಡವರಾದರೂ ಮಸುಕಾಗಿಯೇ ಕಾಣುತ್ತಾರೆ. ಇದನ್ನು ತಮ್ಮ ಆದ್ಯ ಗಮನಕ್ಕೆ ತರಲಾಗಿದೆ.'

ಸಾಹೇಬರು ಇದನ್ನು ಎರಡು ಸಲ ಓದಿ, ಕನ್ನಡಕ ತೆಗೆದಿಟ್ಟು, ಮಧ್ಯಾಹ್ನದ ಸಭೆ ರದ್ದು ಮಾಡಿದರಂತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಒಂದು ಮಾತಿಗೇ ಮುಟ್ಟಿಕೊಳ್ಳುತ್ತಾರೆ. ಇವರ ಮುಂದೆ ನಾಲ್ಕು ಪುಟವಿತ್ತು.

ಭಾನುವಾರ ಸಂಜೆ ಕಚೇರಿಯ ಜೀಪು ಆವಕಣ್ಣನ ಗೇಟಿನ ಮುಂದೆ ನಿಂತಿತು. ಎದುರುಮನೆಯಾಕೆ ಜೀಪು ಕಂಡವಳೇ ಮಾವನಿಗೆ ಏನೋ ಆಗಿಯೇ ಹೋಯಿತೆಂದು ತೀರ್ಮಾನಿಸಿ ತಲೆ ಬಾಚಿಕೊಳ್ಳಲು ಒಳಗೆ ಓಡಿದಳು. ಸಾಹೇಬರು ಒಬ್ಬರೇ ಇಳಿದರು. ಕೈಯಲ್ಲಿ ಒಂದು ಲಕೋಟೆ. ಆವಕಣ್ಣ ಬಾಗಿಲು ತೆರೆದ. ಸಾಹೇಬರು ಅವನನ್ನು ದಾಟಿಕೊಂಡು ಒಳಗೆ ಹೋಗಿ ಮಾವನ ಎದುರು ನಿಂತರು.

"ಬನ್ನಿ, ಕೂತ್ಕೊಳ್ಳಿ" ಎಂದರು ಮಾವ. "ಆ ಕುರ್ಚಿ ಬೇಡ, ಕಾಲು ಅಲ್ಲಾಡುತ್ತೆ."

ಸಾಹೇಬರು ಕೂತರು. ಲಕೋಟೆಯಿಂದ ದೊಡ್ಡದು ಮಾಡಿಸಿದ ಒಂದು ಚಿತ್ರ ತೆಗೆದು ಮೇಜಿನ ಮೇಲಿಟ್ಟರು. ಹುಬ್ಬು ಏರಿದ ಮಾವ.

"ಸಾರ್" ಎಂದರು. ಹನ್ನೊಂದು ವರ್ಷದ ಹಿಂದೆ ಚಿಕ್ಕ ಹುದ್ದೆಯ ಎಂಜಿನಿಯರಾಗಿದ್ದಾಗ ಮುಖ್ಯ ಗುಮಾಸ್ತರನ್ನು ಅವರು ಹಾಗೆಯೇ ಕರೆಯುತ್ತಿದ್ದರು. "ಆ ವೇಳಾಪಟ್ಟಿ ಮೇಲೆ ನನ್ನ ಹೆಸರು ಹಾಕ್ಕೊಂಡಿದ್ದು ನಾನೇ. ಮೇಲಿನವರು ಒಂದೇ ಹೆಸರಿರಲಿ ಅಂದ್ರು ಅಂತ ಎಲ್ಲರಿಗೂ ಹೇಳಿದೆ. ಯಾರೂ ಹಾಗಂದಿರಲಿಲ್ಲ. ಇಷ್ಟು ವರ್ಷ ಮರ್ತಿದೀನಿ ಅಂದ್ಕೊಂಡಿದ್ದೆ. ಈ ಮುಖ ನೋಡಿದ ಮೇಲೆ ನಿದ್ದೆ ಬರ್ತಿಲ್ಲ."

ಅಡುಗೆಮನೆಯ ಬಾಗಿಲಲ್ಲಿ ಆವಕಣ್ಣನ ಹೆಂಡತಿ ಟೀ ತಟ್ಟೆ ಹಿಡಿದು ನಿಂತುಬಿಟ್ಟಿದ್ದಳು. ತಟ್ಟೆಯಲ್ಲಿ ಬಿಸ್ಕತ್ತೂ ಇತ್ತು.

"ಗೊತ್ತು ಬಿಡಿ" ಎಂದರು ಮಾವ. "ಟೈಪಿಗೆ ಹೋಗೋ ಹಾಳೆ ನನ್ನ ಮೇಜು ದಾಟಿಕೊಂಡೇ ಹೋಗ್ಬೇಕಲ್ಲ. ಆವತ್ತು ಬೇಜಾರಾಯ್ತು. ಮನೆಗೆ ಬಂದು ಇವಳ ತಾಯಿ ಹತ್ರ ಹೇಳ್ಕೊಂಡೆ. ನಾಳೆ ನಲ್ಲೀಲಿ ನೀರು ಬರುತ್ತೋ ಇಲ್ವೋ ಅಷ್ಟು ಹೇಳಿ ಅಂದ್ಲು. ಬಂತು. ಆಮೇಲೆ ದೂರಿನ ಕಾಗದ ಬರೋದೂ ನಿಂತಿತು. ಸಾಕು ಅನ್ನಿಸ್ತು."

"ಹಾಗಾದ್ರೆ ಆ ದಿನ ನನ್ನನ್ನ ಹೀಗೆ ದುರುಗುಟ್ಟಿಕೊಂಡು ನೋಡ್ತಿದ್ರಲ್ಲ?"

ಮಾವ ಚಿತ್ರವನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ಪರೀಕ್ಷಿಸಿದರು.

"ಇದಾ. ಸಮಾರಂಭಕ್ಕೆ ಮುಂಚೆ ಒಂದು ಬಿಸ್ಕತ್ತು ಕೊಟ್ರಲ್ಲ, ಗಟ್ಟಿ ಇತ್ತು. ಚೂರು ಹೋಗಿ ಹಲ್ಲಿನ ಸೆಟ್ಟಿನ ಕೆಳಗೆ ಕೂತ್ಕೊಂಡ್ತು. ವೇದಿಕೆ ಮೇಲೆ ಕೂತು ಬಾಯಿಗೆ ಬೆರಳು ಹಾಕೋಕಾಗುತ್ತಾ? ಒಂದೂವರೆ ಗಂಟೆ ನಾಲಿಗೇಲೇ ಒದ್ದಾಡಿದೆ. ನೋಡಿ, ಹುಬ್ಬು ಮೇಲೆ ಹೋಗಿದೆಯಲ್ಲ, ಇದು ಕೊನೆಗೂ ಹೊರಗೆ ಬಂದ ಗಳಿಗೆ."

ಹನ್ನೊಂದು ವರ್ಷ ಮುಚ್ಚಿಟ್ಟ ತಪ್ಪನ್ನು ಒಂದು ಬಿಸ್ಕತ್ತಿನ ಮುಂದೆ ಒಪ್ಪಿಕೊಂಡ ಮನುಷ್ಯನ ಮುಖ ಹೇಗಿರಬೇಕೋ ಹಾಗಿತ್ತು ಸಾಹೇಬರ ಮುಖ. ಹೆಂಡತಿ ಮೆಲ್ಲಗೆ ಬಂದು ಟೀ ಇಟ್ಟಳು. ಬಿಸ್ಕತ್ತಿನ ತಟ್ಟೆಯನ್ನು ವಾಪಸು ಒಯ್ದಳು.

"ಆದ್ರೂ ಬಂದು ಹೇಳಿದ್ರಲ್ಲ. ಅದು ನನಗೆ ಸಂತೋಷವೇ" ಎಂದರು ಮಾವ. ಹೇಳುವಾಗ ದನಿ ಸ್ವಲ್ಪ ತಗ್ಗಿತು. ಸಾಕು ಅನ್ನಿಸಿದ್ದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ ಎಂದು ಆವಕಣ್ಣನಿಗೆ ಆಗ ತಿಳಿಯಿತು.

ಸಾಹೇಬರು ಟೀ ಕುಡಿದು ಗಂಟಲು ಸರಿಮಾಡಿಕೊಂಡರು. "ಒಟ್ಟಿನಲ್ಲಿ ನನ್ನ ಬೀಳ್ಕೊಡುಗೇದು ಒಂದೂ ಫೋಟೋ ಇಲ್ಲ ಸಾರ್ ನನ್ನ ಹತ್ರ."

"ನನ್ನ ಹತ್ರಾನೂ ಇಲ್ಲ" ಎಂದರು ಮಾವ.

ಇಬ್ಬರೂ ಗೋಡೆಯ ಮೇಲಿನ ನಾಲ್ಕು ಗಂ‍ಟೆ ಹನ್ನೆರಡು ನಿಮಿಷವನ್ನು ನೋಡಿದರು. ಆಮೇಲೆ ಇಬ್ಬರೂ ಆವಕಣ್ಣನನ್ನು ನೋಡಿದರು. ಒಂದೇ ಕಚೇರಿಯ ಎರಡು ಬೀಳ್ಕೊಡುಗೆಗಳನ್ನು ಒಬ್ಬನೇ ಮನುಷ್ಯ ಹೀಗೆ ಮುಗಿಸಿದ ಉದಾಹರಣೆ ಇಲಾಖೆಯಲ್ಲಿ ಬೇರೆ ಇರಲಾರದು. ಅವನು ತಲೆ ತಗ್ಗಿಸಿ ಹೊಸ ಕ್ಯಾಮೆರಾದ ಚೀಲಕ್ಕೆ ಕೈ ಹಾಕಿದ.

"ಅದು ಬೇಡ ಅಳಿಯಂದ್ರೆ. ಅದು ನನ್ನೊಬ್ಬನ್ನೇ ನೋಡುತ್ತೆ. ಹಳೇದು ತನ್ನಿ" ಎಂದರು ಮಾವ.

ಹಳೆಯದನ್ನು ತಂದ. ಸಾಹೇಬರೂ ಮಾವನೂ ಗೋಡೆಗೆ ಬೆನ್ನು ಕೊಟ್ಟು ನಿಂತರು. ಆವಕಣ್ಣ ಕಣ್ಣಿಗೆ ಕ್ಯಾಮೆರಾ ಹಿಡಿದಾಗ ಮಾವ ಕೈ ಅಡ್ಡ ಮಾಡಿ "ಒಂದು ನಿಮಿಷ" ಎಂದು, ಹಿಂದೆ ತಿರುಗಿ, ಗೋಡೆಯಲ್ಲಿದ್ದ ಮನೆಯ ಗಡಿಯಾರವನ್ನು ಮೊಳೆಯಿಂದ ಕಿತ್ತು ಸೋಫಾದ ಮೇಲೆ ಮುಖ ಕೆಳಗೆ ಮಾಡಿ ಮಲಗಿಸಿದರು. ಆವಕಣ್ಣ ಆಟೋ ಫೋಕಸ್ಸನ್ನೇ ಆರಿಸಿ, ಉಂಗುರವನ್ನು ಬೆರಳಿನಿಂದ ಹಿಂದಕ್ಕೂ ಮುಂದಕ್ಕೂ ತಿರುಗಿಸುತ್ತಾ, ಉಸಿರು ಹಿಡಿದು ಒಂದೇ ಒಂದು ಸಲ ಒತ್ತಿದ. ಕಟಕ್. ಎರಡೂ ಮುಖ ಸ್ಪಷ್ಟವಾಗಿ ಬಂದವು. ಹಿಂದೆ ಗೋಡೆಯ ಮೇಲೊಂದು ದುಂಡನೆಯ ಬಿಳಿ ಗುರುತು ಮಾತ್ರ ಉಳಿಯಿತು. ಆಗ ಗಂಟೆ ಎಷ್ಟಾಗಿತ್ತು ಎಂದು ಇವತ್ತಿಗೂ ಯಾರೂ ಹೇಳಲಾರರು.

ತಿಂಗಳ ಕೊನೆಯ ದಿನ, ಬಿಡುಗಡೆ ಆಗುವ ಮುನ್ನ ಸಾಹೇಬರು ಸಹಿ ಹಾಕಿದ ಕೊನೆಯ ಟಿಪ್ಪಣಿ ಆವಕ ವಿಭಾಗಕ್ಕೆ ಬಂತು. ಎರಡು ಹೊತ್ತಿನ ವೇಳಾಪಟ್ಟಿಯನ್ನು ರೂಪಿಸಿದವರು ಅಂದಿನ ಮುಖ್ಯ ಗುಮಾಸ್ತರು ಎಂಬುದನ್ನು ದಾಖಲೆಯಲ್ಲಿ ತಿದ್ದಿಕೊಳ್ಳತಕ್ಕದ್ದು. ಆವಕಣ್ಣ ಮೊಹರು ಒತ್ತುವ ಮೊದಲು ಅದರ ಶಾಯಿಯ ದಿಂಬಿಗೆ ಹೊಸ ಶಾಯಿ ಹಾಕಿದ.

ಆ ಸಂಜೆ ಅಂಗಡಿಯವನ ಫೋನು ಬಂತು. ಒಂದು ವಾರಕ್ಕೆಂದು ಕೊಟ್ಟದ್ದು ಮೂರು ವಾರವಾಗಿತ್ತು. "ತೀರ್ಮಾನ ಏನಾಯ್ತು ಸಾರ್?" ಎಂದು ದಣಿದ ದನಿಯಲ್ಲಿ ಕೇಳಿದ. "ಪರಿಶೀಲನೆಯಲ್ಲಿದೆ. ಕ್ಯಾಮೆರಾ ಈಗಲೇ ತಂದ್ಕೊಡ್ತೀನಿ" ಎಂದ ಆವಕಣ್ಣ. ಚೀಲಕ್ಕೆ ಹಾಕುವ ಮುಂಚೆ ಮಾವನ ಮುಖದ ದಾಖಲೆ ಅಳಿಸಬೇಕೆಂದು ಹತ್ತೊಂಬತ್ತನೇ ಪುಟ ತೆರೆದ. ನೋಂದಣಿ ರದ್ದು ಮಾಡಲೇ ಎಂದು ಅದು ಕೇಳಿತು. ಬೆರಳು ಏಳಲಿಲ್ಲ.

"ಅಳಿಯಂದ್ರೆ" ಎಂದರು ಮಾವ, ಕುರ್ಚಿಯಿಂದ. "ಅದು ನನ್ನ ಮುಖ ಎಲ್ಲಿದ್ರೂ ಹುಡುಕುತ್ತೆ ಅಂದ್ರಲ್ಲ. ಅಲ್ಲಿ ಹುಡುಕುತ್ತಾ ನೋಡಿ." ಅವರು ಗೋಡೆಯ ಕಡೆ ಕೈ ತೋರಿಸಿದರು.

ಆವಕಣ್ಣ ಕನ್ನಡಕ ಹಾಕಿಕೊಂಡೇ ಕ್ಯಾಮೆರಾ ಎತ್ತಿ ಆ ಹಳೆಯ ಚಿತ್ರಕ್ಕೆ ಹಿಡಿದ. ಚೌಕ ಕಾಣಲಿಲ್ಲ. ಲೆನ್ಸು ಒಳಗೊಳಗೇ ಸಣ್ಣಗೆ ಗುಂಯ್‌ಗುಟ್ಟಿತು, ಗಡಿಯಾರದ ಕಡೆ ಹೋಯಿತು, ವಾಪಸು ಬಂತು. ಆಮೇಲೆ, ನಂಬಲಿಕ್ಕೆ ಒಂದು ಕ್ಷಣ ಬೇಕಾಯಿತು, ಬಲಗಡೆಯ ಮಸುಕಿನ ಮೇಲೆ ಹಸಿರು ಚೌಕ ಬಂದು ಕೂತಿತು. ಎಂಟು ವರ್ಷದಲ್ಲಿ ಬಂದ ಒಬ್ಬ ನೆಂಟನಿಗೂ ಸಿಗದ ಗುರುತು ಅದಕ್ಕೆ ಸಿಕ್ಕಿತ್ತು.

"ಸಿಕ್ತು ಮಾವ. ನೀವೇ ಅಂತ ಗೊತ್ತಾಯ್ತು ಅದಕ್ಕೆ."

ಮಾವ ಕುರ್ಚಿಯಲ್ಲೇ ಮುಂದಕ್ಕೆ ಬಗ್ಗಿದರು. ಆಮೇಲೆ ಕೇಳಿದರು. "ಪಕ್ಕದಲ್ಲಿ ಅವಳಿದಾಳಲ್ಲ. ಅವಳು?"

ಆವಕಣ್ಣ ಕ್ಯಾಮೆರಾವನ್ನು ಒಂದಂಗುಲ ಎಡಕ್ಕೆ ಸರಿಸಿದ. ಚೌಕ ಆರಿತು. ಹತ್ತಿರ ಹೋದ, ದೂರ ಬಂದ, ಮತ್ತೆ ಹತ್ತಿರ ಹೋದ. ಎಡಗಡೆಯ ಮಸುಕಿನ ಮೇಲೆ ಏನೂ ಬರಲಿಲ್ಲ. ಬ್ಯಾಟರಿಯ ಕೆಂಪು ದೀಪ ಮಿಟುಕತೊಡಗಿತು. ಬೆನ್ನ ಹಿಂದೆ ಕುರ್ಚಿ ಕಿರ್ ಎಂದದ್ದು ಕೇಳಿಸಿತು. ಮಾವ ಎದ್ದು ನಿಂತಿದ್ದರು.

"ಅತ್ತೆನೂ ಸಿಕ್ಕಿದಾರೆ ಮಾವ" ಎಂದ ಆವಕಣ್ಣ, ಕಣ್ಣು ಕಿಂಡಿಯಿಂದ ತೆಗೆಯದೆ. "ಚೆನ್ನಾಗಿ ಸಿಕ್ಕಿದಾರೆ."

ಮಾವ ಹ್ಞೂ ಎಂದರು. ಹತ್ತಿರ ಬಂದು, ಸ್ವಲ್ಪ ವಾಲಿದ್ದ ಕಟ್ಟನ್ನು ಎರಡು ಬೆರಳಿನಲ್ಲಿ ನೇರ ಮಾಡಿ, ಒಳಕ್ಕೆ ಹೋದರು. ಹತ್ತೊಂಬತ್ತು ವರ್ಷದಲ್ಲಿ, ಬಾರದೇ ಇದ್ದದ್ದನ್ನು ಬಂದಿದೆ ಎಂದು ಆವಕಣ್ಣ ಹೇಳಿದ್ದು ಅದೊಂದೇ ಸಲ.